ತವರಿನಿಂದ ಬಂದ ಟ್ರ್ಯಾಕ್ಟರ್

ಅಕ್ಕೋರು ಒಂದು ಮಿಕ್ಸರ್ ಕೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ತೆಗೆದುಕೊಂಡಿದ್ದರು. ಅಂಗಡಿಗೆ ಹೋಗುವ ಮೊದಲು ಐನಾಪುರದಲ್ಲಿ ಮಿಕ್ಸರ್ ಇದ್ದ ಪರಿಚಯದ ಮನೆಗಳಿಗೆಲ್ಲ ಹೋಗಿ, ಒಂದು ಹಿಡಿ ಹುರಿದ ಶೇಂಗಾ ಹಾಕಿಸಿ, ಅದು ತಿರುಗುವ ಸದ್ದನ್ನು ತಲೆ ಓರೆ ಮಾಡಿ ಕೇಳಿ ಬರುತ್ತಿದ್ದರು. ನಮ್ಮ ಮನೆಗೂ ಬಂದಿದ್ದರು. ಪುಡಿಯಾದ ಶೇಂಗಾಕ್ಕೆ ಖಾರ, ಉಪ್ಪು ಬೆರೆಸಿ ಇಬ್ಬರೂ ಬಿಸಿ ರೊಟ್ಟಿಯ ಜೊತೆ ತಿಂದೆವು. ಕೈ ತೊಳೆದು ಏಳುವಾಗ ಅವರು ಕೊಟ್ಟ ತೀರ್ಪು ಇಷ್ಟೇ: "ಚಟ್ನಿ ಚಲೋ ಆತು ತಂಗಿ. ಮಿಕ್ಸರ್ ಭಾಳ ಒದರತೈತಿ."

ಇಂಥವರು ಒಂದು ದಿನ ಹಾಳುಬಿದ್ದ ಟ್ರ್ಯಾಕ್ಟರನ್ನು ಲಾರಿಯಲ್ಲಿ ಹೇರಿಸಿಕೊಂಡು ಊರಿಗೆ ಬಂದರು. ಅದನ್ನು ರಿಪೇರಿ ಮಾಡಿಸುವುದೋ ಬಿಡುವುದೋ ಎಂಬ ಪ್ರಶ್ನೆ ಅವರನ್ನಷ್ಟೇ ಅಲ್ಲ, ನಮ್ಮ ಇಡೀ ಸ್ಟಾಫ್ ರೂಮನ್ನು ತಿಂಗಳುಗಟ್ಟಲೆ ಹಿಡಿದು ಆಡಿಸಿತು. ನನ್ನ ನೌಕರಿಯಲ್ಲಿ ಅಷ್ಟು ಉಮೇದಿನ ದಿನಗಳು ಮತ್ತೆ ಬಂದಿಲ್ಲ.

ನಾವಿಬ್ಬರೂ ಐನಾಪುರದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆವು. ಅವರು ಸಮಾಜ, ನಾನು ವಿಜ್ಞಾನ. ಅವರು ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಊರವರೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದುದರಿಂದ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ. ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ. ಎತ್ತರದ ಆಳು, ಅಗಲವಾದ ಅಂಗೈ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ದಾಪುಗಾಲು ಹಾಕುವ ನಡಿಗೆ. ನದಿಗಳ ಪಾಠ ಬಂತೆಂದರೆ ನಕಾಶೆ ಗೋಡೆಯ ಮೇಲೇ ಉಳಿಯುತ್ತಿತ್ತು, ಹುಡುಗಿಯರು ಅಂಗಳಕ್ಕೆ ಬರುತ್ತಿದ್ದರು. ಒಂದು ಸಾಲು ಕೃಷ್ಣೆಯಾಗಿ ನಡೆಯಬೇಕು, ಉಳಿದವರು ಒಬ್ಬೊಬ್ಬರೇ ಬಂದು ಕೂಡಿಕೊಳ್ಳಬೇಕು. ದೂಧಗಂಗೆಯಾದ ಹುಡುಗಿಯೊಬ್ಬಳು ನಾಚಿಕೊಂಡು ನಡುವೆಯೇ ನಿಂತಾಗ ಅಕ್ಕೋರು, ನೀನು ಇಲ್ಲಿ ನಿಂತರೆ ಯಕ್ಸಂಬಾದವರಿಗೆ ನೀರಿಲ್ಲ, ನಡಿ ಎಂದು ಗದರಿದ್ದರು. ಆ ಹುಡುಗಿ ಈಗ ಚಿಕ್ಕೋಡಿಯಲ್ಲಿ ವಕೀಲಳಾಗಿದ್ದಾಳೆ. ಎಲ್ಲಿ ಸಿಕ್ಕರೂ ತನ್ನನ್ನು ದೂಧಗಂಗಾ ಎಂದೇ ಹೇಳಿಕೊಳ್ಳುತ್ತಾಳೆ.

ಅವರ ತವರು ಅಥಣಿ ತಾಲೂಕಿನ ಐಗಳಿ. ತಂದೆ ತೀರಿಕೊಂಡು ವರ್ಷ ತುಂಬಿದ ಮೇಲೆ ಇಬ್ಬರು ತಮ್ಮಂದಿರು ಹೊಲ ಮನೆ ಪಾಲು ಮಾಡಿಕೊಂಡರು. ಅಕ್ಕನಿಗೆ ಏನು ಬೇಕು ಎಂದು ಕೇಳಿದಾಗ, ಸೀರೆಯೋ ಬಂಗಾರದ ಬಳೆಯೋ ಕೇಳಿಯಾಳು ಎಂದುಕೊಂಡಿದ್ದರಂತೆ. ಅಕ್ಕೋರು ಕೊಟ್ಟಿಗೆಯ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ ಟ್ರ್ಯಾಕ್ಟರ್ ಕಡೆ ಕೈ ತೋರಿಸಿದರು. ತಂದೆ ಕೊಂಡಿದ್ದ ಮೂರು ಸಿಲಿಂಡರಿನ ಸಣ್ಣ ಗಾಡಿ. ಮಕ್ಕಳು ದೊಡ್ಡ ಗಾಡಿ ತಂದ ಮೇಲೆ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ. ಸೀಟಿನ ಕೆಳಗೆ ಕೋಳಿ ಕಾವು ಕೂತಿತ್ತು. ಸಣ್ಣ ತಮ್ಮ ನಕ್ಕು, ಅಕ್ಕಾ, ಅದನ್ನು ಗುಜರಿಯವರಿಗೆ ಮಾತಾಡಿಬಿಟ್ಟಿದ್ದೇವೆ ಅಂದನಂತೆ. ಮಾತಾಡಿದ್ದೀರಿ, ಇನ್ನೂ ಕೊಟ್ಟಿಲ್ಲವಲ್ಲ ಎಂದು ಇವರು ಅಲ್ಲೇ ಕೂತರು. ಕೋಳಿಯನ್ನು ಅದರ ಮೊಟ್ಟೆಗಳ ಸಮೇತ ಬುಟ್ಟಿಗೆ ಸಾಗಿಸಿ, ಮರುದಿನ ಲಾರಿ ತರಿಸಿದರು.

ಟ್ರ್ಯಾಕ್ಟರ್ ಬಂದು ಇಳಿದದ್ದು ಐನಾಪುರದ ಹೊರಗೆ ಗಂಡ ಹೆಂಡತಿ ಸೇರಿ ಕೊಂಡಿದ್ದ ಪ್ಲಾಟಿನಲ್ಲಿ. ಅಲ್ಲಿ ಮನೆಯ ಪಾಯ ಆಗಲೇ ಎದ್ದಿತ್ತು. ಅಕ್ಕೋರ ಯಜಮಾನರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕ್ಲಾರ್ಕ್ ಆಗಿದ್ದವರು, ಮಾತು ಕಡಿಮೆ. ಅವರಿಬ್ಬರೂ ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿ ಕಳೆದು, ನಿವೃತ್ತಿಯ ಹೊತ್ತಿಗೆ ಸ್ವಂತ ಸೂರು ಕಟ್ಟಿಕೊಳ್ಳಬೇಕೆಂದು ಕೂಡಿಟ್ಟಿದ್ದರು. ಈಗ ಆ ಪಾಯದ ಪಕ್ಕದಲ್ಲೇ ತುಕ್ಕು ಹಿಡಿದ ಗಾಡಿ, ಗಾಳಿ ಹೋದ ಟೈರುಗಳ ಮೇಲೆ ಮಂಡಿಯೂರಿ ಕೂತಂತೆ ಕೂತಿತ್ತು. ಇದಕ್ಕೆ ದುಡ್ಡು ಹಾಕಿದರೆ ಅದಕ್ಕೆ ಕಡಿಮೆ ಬೀಳುತ್ತದೆ ಎನ್ನುವುದು ನೋಡಿದವರಿಗೆಲ್ಲ ತಿಳಿಯುವಂತಿತ್ತು.

ಇನ್ನೂ ದೊಡ್ಡ ಪ್ರಶ್ನೆ ಎಂದರೆ ಅವರಿಗೆ ಹೊಲವೇ ಇರಲಿಲ್ಲ. ಉಳುವುದಕ್ಕೆ ಒಂದು ಗುಂಟೆ ಭೂಮಿಯೂ ಇಲ್ಲದವರಿಗೆ ಟ್ರ್ಯಾಕ್ಟರ್ ಏಕೆ ಎಂದು ಹೆಡ್‌ಮಾಸ್ತರರು ಮುಖಕ್ಕೇ ಕೇಳಿದರು. ಡ್ರಿಲ್ ಮಾಸ್ತರರು ಅಕ್ಕೋರ ಪರ. ಗಾಡಿಯನ್ನು ಚಂದ ಬಣ್ಣ ಬಳಿದು ಶಾಲೆಯ ಮುಂದೆ ನಿಲ್ಲಿಸೋಣ ಎಂಬುದು ಅವರ ವಿಚಾರ. ನಾನು ವಿರೋಧಿ. ಒಂದು ದಿನ ಊಟದ ಬಿಡುವಿನಲ್ಲಿ ಅಕ್ಕೋರ ಮುಂದೆ ಕೂತು, ಇದನ್ನು ಸುಧಾರಿಸುವ ಖರ್ಚಿನಲ್ಲಿ ಓಡುವ ಸ್ಥಿತಿಯ ಇನ್ನೊಂದು ಹಳೇ ಗಾಡಿಯೇ ಬರುತ್ತದೆ, ಅದಕ್ಕೆ ಸಾಮಾನೂ ಸಿಗುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಖರೇ ಐತಿ," ಅಂದರು. "ಬರೂ ಐತವಾರ ಗಾಡಿ ಮಿಸ್ತ್ರಿ ಬರಾಂವ ಅದಾನ. ನೀನೂ ಬಾ. ಬ್ಯಾಡ ಅನ್ನವರೊಬ್ಬರು ಬಾಜೂಕ ಇರಬೇಕು."

ಅವರ ಈ ಗುಣ ನನಗೆ ಬಹಳ ಇಷ್ಟ. ತಮ್ಮ ಮನಸ್ಸು ಯಾವ ಕಡೆ ವಾಲುತ್ತಿದೆ ಎಂದು ಗೊತ್ತಾದ ಕೂಡಲೇ ಎದುರು ಮಾತಾಡುವವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮನಸ್ಸು ಯಾಕೆ ವಾಲಿತ್ತು ಎನ್ನುವುದನ್ನು ಆ ಐತವಾರ, ಮಿಸ್ತ್ರಿಗಾಗಿ ಕಾಯುತ್ತ ಪಾಯದ ಕಲ್ಲಿನ ಮೇಲೆ ಕೂತಿದ್ದಾಗ ಹೇಳಿದರು. ಅವರು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಿತ್ತನೆಯ ಹೊತ್ತಿಗೆ ಸರಿಯಾಗಿ ತಂದೆ ಅಟ್ಟದಿಂದ ಬಿದ್ದು ಕೈ ಮುರಿದುಕೊಂಡರಂತೆ. ತಮ್ಮಂದಿರು ಇನ್ನೂ ಕುಳ್ಳರು, ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ತಂದೆ ಇವರನ್ನೇ ಸೀಟಿನ ಮೇಲೆ ಕೂರಿಸಿ, ಕಟ್ಟು ಕಟ್ಟಿದ ಕೈಯನ್ನು ಎದೆಗವಚಿಕೊಂಡು ಮಡಗಾರ್ಡಿನ ಮೇಲೆ ಕೂತರು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದು. ಆದ್ದರಿಂದ ಬಲಕ್ಕೆ ತಿರುಗಬೇಕಾದರೆ ಬಲಭುಜ ತಟ್ಟುತ್ತಿದ್ದರು, ಎಡಕ್ಕಾದರೆ ಎಡಭುಜ. ಎರಡು ದಿನ ಕಳೆದ ಮೇಲೆ ತಟ್ಟುವುದನ್ನೇ ಬಿಟ್ಟರು. ಆ ವರ್ಷವೂ ಮುಂದಿನ ವರ್ಷವೂ ಇಡೀ ಹೊಲವನ್ನು ಮಗಳೇ ಹಸನು ಮಾಡಿದಳು. ಆಮೇಲೆ ರಾಯಬಾಗದ ಕಡೆಯ ಸಂಬಂಧವೊಂದು ನೋಡಲು ಬಂದಾಗ, ಹುಡುಗಿ ಟ್ರ್ಯಾಕ್ಟರ್ ಹೊಡೆಯುತ್ತಾಳಂತೆ ಎಂದು ಅವರು ಹಿಂದೆ ಸರಿದರು. ಮನೆಯ ಹಿರಿಯರು ತಂದೆಗೆ ಬುದ್ಧಿ ಹೇಳಿದರು. ಮಗಳ ಕೈಯಿಂದ ಚಾವಿ ಹೋಯಿತು.

"ಬ್ಯಾಸರಾತೇನ್ರಿ?" ಎಂದು ನಾನು ಕೇಳಿದೆ.

"ಆವಾಗ ಕಾಲೇಜಿಗೆ ಹೋಗೂ ಉಮೇದ ಇತ್ತು, ಮರತೆ," ಅಂದರು. ಮರುಕ್ಷಣವೇ, "ಎಲ್ಲಿ ಮರತೇನಿ. ಬಸ್ಸಿನ್ಯಾಗ ಕುಂತಾಗ ಇನ್ನಾ ಡ್ರೈವರನ ಜೋಡಿ ಕ್ಲಚ್ ಒತ್ತತೇನಿ," ಎಂದು ತಮ್ಮ ಎಡಗಾಲನ್ನು ತಾವೇ ನೋಡಿಕೊಂಡು ನಕ್ಕರು.

ಅಥಣಿಯಿಂದ ಬಂದ ಮಿಸ್ತ್ರಿ ನಡುವಯಸ್ಸಿನ ಮುಸಲ್ಮಾನರು, ಲೆಕ್ಕಕ್ಕಿಂತ ಒಂದು ಮಾತೂ ಹೆಚ್ಚು ಆಡದವರು. ಗಾಡಿಯನ್ನು ಒಂದು ಸುತ್ತು ಹಾಕಿ, ಎಂಜಿನ್ ಬಿಗಿದು ಕೂತಿದೆ ಎಂದರು. ಅದು ಬಿಟ್ಟುಕೊಟ್ಟರೆ ಮುಂದಿನ ಮಾತು. ಬಿಚ್ಚಿದ ಮೇಲೆ ಎಂಜಿನ್ನಿನ ಮೈಯಾದ ಬ್ಲಾಕ್ ಒಡೆದಿದ್ದರೆ ತಾನು ಕೈ ಹಚ್ಚುವುದಿಲ್ಲ. ಅಕ್ಕೋರು ತಕ್ಷಣ ನಮ್ಮೆಲ್ಲರ ಎದುರಿಗೆ ಶರತ್ತು ಹಾಕಿಕೊಂಡರು. ಬ್ಲಾಕ್ ಒಡೆದಿದ್ದರೆ ಗಾಡಿ ಗುಜರಿಗೆ. ಮರುಮಾತಿಲ್ಲ. ಯಜಮಾನರು ಅದನ್ನು ಕೇಳಿ ತಲೆಯಾಡಿಸಿದರು.

ಮಿಸ್ತ್ರಿ ಸಿಲಿಂಡರಿನೊಳಗೆ ಡೀಸೆಲ್ಲು, ಆಯಿಲ್ ಬೆರೆಸಿ ಸುರಿದು, ನೆನೆಯಲಿ ಎಂದು ಬಿಟ್ಟುಹೋದರು. ಆ ವಾರ ಅಕ್ಕೋರಿಗೆ ಪಾಠದ ಮೇಲೆ ಲಕ್ಷ್ಯವಿರಲಿಲ್ಲ. ಅಶೋಕ ಚಕ್ರವರ್ತಿಯನ್ನು ಕಳಿಂಗಕ್ಕೆ ಕಳಿಸಿ, ಮರಳಿ ಕರೆತರಲು ಮರೆತು ಪಾಠ ಮುಗಿಸಿದ್ದೂ ಉಂಟು. ಮುಂದಿನ ಐತವಾರ ನಾವು ಹೋಗುವಷ್ಟರಲ್ಲಿ ಪ್ಲಾಟಿನ ಸುತ್ತ ಓಣಿಯ ಅರ್ಧ ಜನ ಸೇರಿದ್ದರು. ಮಿಸ್ತ್ರಿ ಎಂಜಿನ್ನಿನ ಮುಂದಿನ ಪುಲ್ಲಿಗೆ ನಟ್ಟು ತಿರುಗಿಸುವ ಪಾನಾ ಹಾಕಿ, ಅದಕ್ಕೆ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕಿಸಿ ಭಾರ ಬಿಟ್ಟರು. ಅಲುಗಲಿಲ್ಲ. ಡ್ರಿಲ್ ಮಾಸ್ತರರು ಕೈಗೂಡಿಸಿದರು. ಅಲುಗಲಿಲ್ಲ. ಅಕ್ಕೋರು ಸೆರಗು ಬಿಗಿದುಕೊಂಡು ಹೋಗಿ ಹಿಡಿದರು. ಯಜಮಾನರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಅವರ ಪಕ್ಕ ನಿಂತರು. ಎಲ್ಲರೂ ಒಟ್ಟಿಗೆ ಜಗ್ಗಿದಾಗ ಒಳಗೆಲ್ಲೋ ಒಣ ಕಟ್ಟಿಗೆ ಮುರಿದಂಥ ಸದ್ದು. ಪುಲ್ಲಿ ಒಂದು ಬೆರಳಷ್ಟು ಸರಿಯಿತು. ಮತ್ತೆ ಜಗ್ಗಿದರು, ಒಂದು ಗೇಣು. ಆಮೇಲೆ ಒಂದು ಪೂರ್ತಿ ಸುತ್ತು. ನಾನು ವಿರೋಧಿ ಎನ್ನುವುದು ಮರೆತೇ ಹೋಗಿ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕೈ ಹಿಡಿದು ಕುಣಿದಿದ್ದೆ. ಆಕೆ ಯಾರು ಎಂದು ಈಗಲೂ ನನಗೆ ಗೊತ್ತಿಲ್ಲ.

ಇನ್ನು ಬ್ಲಾಕಿನ ಪರೀಕ್ಷೆ. ಮಿಸ್ತ್ರಿ ಎಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಬಿಚ್ಚಿ, ಕೆಳಗಿನ ಬ್ಲಾಕನ್ನೂ ಹೆಡ್ಡನ್ನೂ ಉಜ್ಜಿ ತೊಳೆದು, ಚಿಮಣಿ ಎಣ್ಣೆ ಬಳಿದು ಒಣಬಟ್ಟೆಯಿಂದ ಒರೆಸಿದರು. ಮೇಲೆ ಉದುರಿಸಲು ನುಣ್ಣನೆಯ ಬಿಳಿ ಪುಡಿ ಬೇಕಿತ್ತು. ಅಕ್ಕೋರು ಶಾಲೆಯ ಚಾಕಿನ ತುಂಡುಗಳನ್ನು ವರ್ಷವಿಡೀ ಹುಡುಕಿ ಕೊಂಡಿದ್ದ ಅದೇ ಮಿಕ್ಸರಿಗೆ ಹಾಕಿ ಪುಡಿ ಮಾಡಿ ತಂದಿದ್ದರು. ಕಣ್ಣಿಗೆ ಕಾಣದ ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಪುಡಿಯನ್ನು ತೋಯಿಸುತ್ತದೆ, ಬಿರುಕು ತಾನೇ ಗೆರೆಯಾಗಿ ಕಾಣುತ್ತದೆ. ಇದನ್ನು ನಾನು ನೆರೆದವರಿಗೆಲ್ಲ ಉತ್ಸಾಹದಿಂದ ವಿವರಿಸತೊಡಗಿದೆ. ಅಕ್ಕೋರು ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದರು.

ಎಲ್ಲರೂ ಬಗ್ಗಿ ನೋಡುತ್ತ ನಿಂತೆವು. ಬ್ಲಾಕಿನ ಮೇಲೆ ಪುಡಿ ಬೆಳ್ಳಗೇ ಉಳಿಯಿತು. ಆದರೆ ಪಕ್ಕಕ್ಕೆ ಬಿಚ್ಚಿಟ್ಟಿದ್ದ ಹೆಡ್ಡಿನ ಮೇಲೆ, ಎರಡು ತೂತುಗಳ ನಡುವೆ, ಕೂದಲೆಳೆಯಂಥ ಕಪ್ಪು ಗೆರೆಯೊಂದು ನಿಧಾನವಾಗಿ ಮೂಡಿತು. ಅಕ್ಕೋರು ಗೆರೆಯ ಮೇಲೆ ಬೆರಳಿಟ್ಟು ಕೂತರು. ಇನ್ನೊಂದು ಹೆಡ್ಡು ತರಿಸಬೇಕು, ಸಿಕ್ಕರೆ ಅದಕ್ಕೆ ಬೇರೆ ಖರ್ಚು ಎಂದು ಮಿಸ್ತ್ರಿ ನೆಲ ನೋಡುತ್ತ ಹೇಳಿದರು. ಆಗ ಅಷ್ಟು ಹೊತ್ತು ಹಿಂದೆ ನಿಂತಿದ್ದ ಯಜಮಾನರು ಗಂಟಲು ಸರಿಮಾಡಿಕೊಂಡರು.

"ಶರತ್ತ ಹಾಕಿದ್ದು ಬ್ಲಾಕಿಗೆ," ಅಂದರು. "ಹೆಡ್ಡಿನ ಮಾತ ಬಂದಿರಲಿಲ್ಲ."

ಅಕ್ಕೋರು ತಿರುಗಿ ಗಂಡನ ಮುಖವನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ ಅವರಿಗೆ ಅಂದು ಹೊಸ ಪರಿಚಯವಾದಂತಿತ್ತು.

ಇಷ್ಟಾದರೂ ಅವರು ಹೂಂ ಅನ್ನಲಿಲ್ಲ. ಮಿಸ್ತ್ರಿ ಹೇಳಿದ ಒಟ್ಟು ಖರ್ಚು ನನ್ನ ಅಂದಾಜಿಗಿಂತ ಹೆಚ್ಚೇ ಇತ್ತು. ನೆನಪಿಗೋಸ್ಕರ ಮನೆಯ ಮೇಲ್ಛಾವಣಿಯನ್ನು ತಿನ್ನುವುದು ತಪ್ಪಾಗುತ್ತದೆ ಎಂದು ಅವರೇ ನನ್ನ ಮುಂದೆ ಹೇಳಿದರು. ಹಲವು ದಿನ ಗಾಡಿಯ ಸುದ್ದಿಯನ್ನೇ ಎತ್ತಲಿಲ್ಲ. ಡ್ರಿಲ್ ಮಾಸ್ತರರು ಬಣ್ಣದ ಮಾತು ತೆಗೆದರೆ ಎದ್ದು ಹೋಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಗೆದ್ದವಳು ನಾನೇ. ಆದರೆ ಗೆದ್ದ ಖುಷಿ ಮಾತ್ರ ಇರಲಿಲ್ಲ.

ಮೃಗಶಿರಾ ಮಳೆ ಬಿದ್ದು ಊರೆಲ್ಲ ಬಿತ್ತನೆಗೆ ಓಡಾಡುತ್ತಿದ್ದ ವಾರ. ಶಾಲೆಯಲ್ಲಿ ಬಿಸಿಯೂಟ ಮಾಡುವ ಸುಜಾತಾ ತಡವಾಗಿ ಬಂದಳು, ಮರುದಿನವೂ ತಡ. ಹೆಡ್‌ಮಾಸ್ತರರು ಕೇಳಿದ್ದಕ್ಕೆ ಅವಳು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟಳು. ಅವಳಿಗೂ ಅವಳ ನೆರೆಯವರಿಗೂ ಊರ ಹೊರಗೆ ಹತ್ತು ಹದಿನೈದು ಗುಂಟೆಯ ತುಂಡು ಹೊಲಗಳಿದ್ದವು. ಟ್ರ್ಯಾಕ್ಟರಿನವರನ್ನು ಕರೆಯಲು ಬೆಳಗಾದರೆ ಮನೆಮನೆ ಅಲೆಯಬೇಕಾಗಿತ್ತು.

"ದೊಡ್ಡ ಗಾಡಿ ತಿರುಗಾಕ ಜಾಗಾ ಇಲ್ಲ ಅಂತಾರ್ರಿ," ಅಂದಳು. "ಎತ್ತಿನವ್ರು ಯಾರೂ ಉಳದಿಲ್ಲ. ನೆಲದ ಹಸಿ ಆರಿತಂದ್ರ ಈ ವರ್ಷ ಹೊಲ ಬೀಳ ಬೀಳತೈತ್ರಿ."

ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ಸುಜಾತಾಳ ಜೊತೆ ಅವಳ ಹೊಲಕ್ಕೆ ನಡೆದರು, ನನ್ನನ್ನೂ ಕರೆದುಕೊಂಡು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಯಾರದೋ ಕಬ್ಬು, ನಡುವೆ ಸೆರಗಿನಷ್ಟು ಅಗಲದ ನೆಲ. ಅಕ್ಕೋರು ಚಪ್ಪಲಿ ಬಿಟ್ಟು ಒಳಗಿಳಿದು, ಬದುವಿನ ಈ ಮೂಲೆಯಿಂದ ಆ ಮೂಲೆಗೆ ಹೆಜ್ಜೆ ಹಾಕಿದರು. ಮೂಲೆಯಲ್ಲಿ ನಿಂತು ಎರಡೂ ಕೈಗಳಿಂದ ಇಲ್ಲದ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನೋಡಿದರು. ಆಚೆ ಹೊಲದಲ್ಲೂ ಹಾಗೇ ಮಾಡಿದರು, ಅದರಾಚೆಯದರಲ್ಲೂ. ಸುಜಾತಾ ನನ್ನ ಕಡೆ ನೋಡಿದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

ಕಾಲಿನ ಕೆಸರು ಒರೆಸಿಕೊಳ್ಳುತ್ತ ಬಂದವರ ಮುಖ ಬೆಳಗುತ್ತಿತ್ತು. "ತಂಗಿ, ಇದರಾಗ ತಿರುಗೂವಂಥ ಗಾಡಿ ಈ ಊರಾಗ ಯಾರ ಕಡೆ ಐತಿ, ಹೇಳು."

ನಾನು ಯೋಚಿಸಿದೆ. ಯಾರ ಬಳಿಯೂ ಇರಲಿಲ್ಲ. ಇದ್ದದ್ದು ಅದೊಂದೇ, ಬಿಚ್ಚಿ ಹಾಸಿಟ್ಟದ್ದು.

ಅಲ್ಲಿಂದ ಮುಂದೆ ಎಲ್ಲವೂ ಓಟ. ಬಣ್ಣವಿಲ್ಲ, ಹೊಸ ಸೀಟಿಲ್ಲ, ಎಂಜಿನ್, ಬ್ರೇಕ್, ಟೈರು ಇಷ್ಟೇ ಎಂದು ಅಕ್ಕೋರು ಗಟ್ಟಿಯಾಗಿ ಹೇಳಿಬಿಟ್ಟರು. ಮನೆಯ ಮೇಲೆ ಕಟ್ಟಬೇಕೆಂದಿದ್ದ ಕೋಣೆಯನ್ನು ಯಜಮಾನರು ತಾವಾಗಿ ಕೈಬಿಟ್ಟರು. ಹೆಡ್ಡು ಹುಡುಕಲು ನಾನೂ ಅಕ್ಕೋರೂ ಸಾಂಗ್ಲಿಗೆ ಹೋದೆವು. ಹಳೇ ಸಾಮಾನಿನ ಅಂಗಡಿಯವನು ನಮ್ಮನ್ನು ನೋಡಿ, "ತೇ ಆತಾ ಮಿಳಣಾರ್ ನಾಹಿ, ಬಾಯಿ," ಎಂದು ಚಹಾ ತರಿಸಿದ. ಅದು ಈಗ ಸಿಗುವುದಿಲ್ಲ ಎಂದು ಹೇಳಿ ಸಾಗಹಾಕುವುದು ಅವನ ಇರಾದೆ. ಅಕ್ಕೋರು ಚಹಾ ಕುಡಿದು, ಅವನಷ್ಟೇ ನಯವಾದ ಮರಾಠಿಯಲ್ಲಿ ಅವನ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸಿ, ಹಿತ್ತಲಿನ ರಾಶಿಯನ್ನು ಒಮ್ಮೆ ನೋಡಲೇ ಎಂದು ಕೇಳಿದರು. ಮಧ್ಯಾಹ್ನದವರೆಗೆ ಇಬ್ಬರೂ ಆ ಕಬ್ಬಿಣದ ಗುಡ್ಡ ಕೆದರಿದೆವು. ಕೊನೆಗೆ ತಳದಲ್ಲಿ, ಮಣ್ಣು ಮೆತ್ತಿದ ಹೆಡ್ಡೊಂದನ್ನು ಎಳೆದು ತೆಗೆದದ್ದು ನಾನು. ಅಕ್ಕೋರು ಅದನ್ನು ತೊಳೆದು, ಎಣ್ಣೆ ಬಳಿದು ಒರೆಸಿ, ಚೀಲದಿಂದ ಚಾಕ್ ಪುಡಿಯ ಡಬ್ಬಿ ತೆಗೆದರು. ಅಂಗಡಿಯವನು ಕೆಲಸ ಬಿಟ್ಟು ನೋಡಲು ಬಂದ. ಪುಡಿ ಬೆಳ್ಳಗೇ ಉಳಿಯಿತು. ಬಸ್ಸಿನಲ್ಲಿ ಆ ಭಾರವನ್ನು ಇಬ್ಬರ ತೊಡೆಯ ಮೇಲೆ ಇಟ್ಟುಕೊಂಡು ಬಂದೆವು. ನನ್ನ ಸೀರೆಗೆ ಹತ್ತಿದ ಆಯಿಲ್ ಕಲೆ ಹೋಗಲೇ ಇಲ್ಲ.

ಚಾಲೂ ಮಾಡುವ ದಿನ ಐಗಳಿಯಿಂದ ಸಣ್ಣ ತಮ್ಮ ಬಂದ. ಅಂದು ನಕ್ಕವನೇ ಇಂದು ಟೆಂಪೋದಲ್ಲಿ ಒಂದು ಸಣ್ಣ ನೇಗಿಲು ಹೇರಿಸಿಕೊಂಡು ಬಂದಿದ್ದ. ಅಪ್ಪ ಇದೇ ಗಾಡಿಗೆಂದು ಮಾಡಿಸಿದ್ದು ಅದು. "ಇದು ನಮ್ಮ ಗಾಡಿಗಿ ಕೂಡೂದಿಲ್ಲಕ್ಕ. ಇದರ ಜೋಡೀನ ಇರಲಿ," ಎಂದು ಇಳಿಸಿದ. ಅಕ್ಕೋರು ಅವನ ಬೆನ್ನ ಮೇಲೆ ಕೈಯಾಡಿಸಿ, ಮೊದಲು ಊಟ ಮಾಡು ಎಂದರು. ಆದರೆ ಅಂದು ಯಾರಿಗೂ ಊಟ ನೆನಪಾಗಲಿಲ್ಲ. ಮಿಸ್ತ್ರಿ ಚಾವಿ ತಿರುಗಿಸಿದರು. ಎಂಜಿನ್ ನರಳಿ ನಿಂತಿತು. ಪೈಪಿನಲ್ಲಿ ಗಾಳಿ ಸೇರಿದೆ ಎಂದು ಬಿಚ್ಚಿ, ಗುಳ್ಳೆಗಳು ಹೋಗಿ ಬರೀ ಡೀಸೆಲ್ ಬರುವವರೆಗೆ ಬಿಟ್ಟು, ಮತ್ತೆ ಬಿಗಿದರು. ಇನ್ನೊಮ್ಮೆ ತಿರುಗಿಸಿದಾಗ ಕೊಳವೆಯಿಂದ ಕರಿ ಹೊಗೆ ಉಕ್ಕಿತು, ಒಂದು ಸಿಲಿಂಡರ್ ಹೊಡೆಯಿತು, ಇನ್ನೊಂದು ಸೇರಿಕೊಂಡಿತು, ಮೂರನೆಯದೂ ಬಂತು. ಆಮೇಲೆ ಆ ಸದ್ದು ತಾಳ ಹಿಡಿದು ಓಣಿಯನ್ನೆಲ್ಲ ತುಂಬಿತು.

ಮಿಸ್ತ್ರಿ ಗಾಡಿ ನಡೆಸಿ ತೋರಿಸುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದರು. ಅವರು ಇಳಿದು ಪಕ್ಕಕ್ಕೆ ನಿಂತರು. ಅಕ್ಕೋರು ಎಡಗಡೆಯಿಂದ ಹತ್ತಿ ಕೂತರು. ಮೊದಲ ಸಲ ಕ್ಲಚ್ ಬಿಟ್ಟಾಗ ಗಾಡಿ ಜಿಗಿದು ಬಂದ್ ಆಯಿತು. ಯಾರೋ ನಕ್ಕರು. ಎರಡನೆಯ ಸಲ ಅದು ಪಾಯದ ಕಲ್ಲುಗಳನ್ನು ಬಳಸಿ, ಮರಳಿನ ಗುಡ್ಡೆಯನ್ನು ಬಳಸಿ, ಸಂದಿಯಲ್ಲಿ ನುಣ್ಣಗೆ ತಿರುಗಿ ರಸ್ತೆಗೆ ಇಳಿಯಿತು. ನಿಲ್ಲಿಸಲಿಲ್ಲ. ಸೀದಾ ಸುಜಾತಾಳ ಹೊಲದ ಕಡೆ ಹೋಯಿತು. ನಾವೆಲ್ಲ ಹಿಂದೆ ಓಡಿದೆವು, ಸಣ್ಣ ತಮ್ಮ ನೇಗಿಲನ್ನು ಮತ್ತೆ ಟೆಂಪೋಕ್ಕೆ ಹಾಕಿ ತಂದ. ಹಸಿ ಆರುವ ಮುಂಚೆ ಆ ಸಾಲಿನ ಹೊಲಗಳೆಲ್ಲ ಹಸನಾದವು. ಅಕ್ಕೋರು ಎಷ್ಟೋ ದಿನ ಶಾಲೆಗೆ ಬರುವಾಗ ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತಿತ್ತು. ಮುಂದಿನ ವರ್ಷ ಅವರು ನಿವೃತ್ತರಾದರು. ಅದಾದ ಮೇಲೆ ನನಗೂ ನಿಪ್ಪಾಣಿಗೆ ವರ್ಗವಾಯಿತು.

ಕಳೆದ ತಿಂಗಳು ಐನಾಪುರಕ್ಕೆ ಹೋಗಿದ್ದೆ. ಮನೆಯಲ್ಲಿ ಯಜಮಾನರೊಬ್ಬರೇ ರೇಡಿಯೋ ಕೇಳುತ್ತ ಕೂತಿದ್ದರು, ಕಾಲುವೆ ಬದಿಯ ಹೊಲಗಳಿಗೆ ಹೋಗು ಎಂದು ದಾರಿ ತೋರಿಸಿದರು. ದೂರದಿಂದಲೇ ಗಾಡಿ ಕಂಡಿತು. ಹತ್ತಿರ ಹೋದಾಗ ನೋಡಿದರೆ ನಡೆಸುತ್ತಿದ್ದವಳು ಸುಜಾತಾ. ಅಕ್ಕೋರು ಗಾಡಿಗೆ ಬೆನ್ನು ಮಾಡಿ, ಬದುವಿನ ಮೇಲೆ ಕೂತು, ತಮ್ಮ ಸರದಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರ ಜೊತೆ ಮೆಂತ್ಯದ ಬೀಜದ ಬಗ್ಗೆ ವಾದ ಮಾಡುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಹಾ ಬಗ್ಗಿಸಿದರು. ಗಾಡಿ ಹಾಕಿದ ದುಡ್ಡನ್ನು ದುಡಿದಿದೆಯೇ ಎಂದು ಕೇಳಿದೆ.

"ಎಲ್ಲಿದು. ಡೀಸೆಲ್ಲಿಗಿ ಸರಿ ಆಗತೈತಿ. ನಿನ್ನ ಲೆಕ್ಕಾನ ಖರೇ ಆತು ನೋಡು," ಎಂದು ಯಾವ ಮುಜುಗರವೂ ಇಲ್ಲದೆ ನಕ್ಕರು. ಶಿರಗುಪ್ಪಿಯಿಂದ ಒಬ್ಬರು ತಮ್ಮ ಅಜ್ಜನ ಟ್ರ್ಯಾಕ್ಟರ್ ತೋರಿಸಲು ಬಂದಿದ್ದರಂತೆ. ಅದನ್ನು ನೋಡಿ, ಬೇಡ, ಮಾರಿಬಿಡಿ ಎಂದು ಇವರೇ ಹೇಳಿ ಕಳಿಸಿದ್ದರು.

ಹೊಲದ ತುದಿಯಲ್ಲಿ ಸುಜಾತಾ ಗಾಡಿ ನಿಲ್ಲಿಸಿ ಇಳಿದಳು. ಎಂಜಿನ್ ಓಡುತ್ತಲೇ ಇತ್ತು. ಅಕ್ಕೋರು ಚಹಾದ ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನಿನ್ನ ಬಸ್ ಎಷ್ಟಕ್ಕ ಐತಿ?"

ಇನ್ನೂ ಹೊತ್ತಿದೆ ಅಂದೆ.

"ಹಂಗಾರ ಏಳು. ಎಡಗಾಲ ಕ್ಲಚ್ಚು, ಬಲಗಾಲ ಬ್ರೇಕು. ಉಳದದ್ದು ಮಡಗಾರ್ಡಿನ ಮ್ಯಾಲ ಕುಂತ ಹೇಳತೇನಿ."

ಬದುವಿನ ಮೇಲಿದ್ದ ಹೆಂಗಸರು ನನಗೆ ದಾರಿ ಬಿಟ್ಟು ಸರಿದು ಕೂತರು. ನಾನು ಕೈಚೀಲವನ್ನು ಅವರ ಮಡಿಲಿಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಉತ್ತ ನೆಲಕ್ಕೆ ಬರಿಗಾಲು ಇಟ್ಟೆ.